ಹಾಲು ಉಕ್ಕಿ ಹೋದ ವರ್ಷ

ಪುಟ್ಟಿ,

ಮೊನ್ನೆ ಫೋನಿನಲ್ಲಿ "ಮಗು ಅತ್ತರೆ ನನಗೆ ಏನೂ ಅನ್ನಿಸ್ತಿಲ್ಲ ದೊಡ್ಡಮ್ಮ" ಅಂದೆ. ಮರುಕ್ಷಣವೇ "ಸುಮ್ನೆ ಹೇಳಿದೆ, ಬಿಡು" ಅಂದೆ. ಸುಮ್ನೆ ಹೇಳಿದ್ದಲ್ಲ ಅಂತ ನನಗೆ ಗೊತ್ತು. ಫೋನಿನಲ್ಲಾದರೆ ನಿನ್ನಮ್ಮ ಪಕ್ಕದಲ್ಲೇ ಇರುತ್ತಾಳೆ. ಅದಕ್ಕೇ ಈ ಕಾಗದ.

ನಿನ್ನಣ್ಣ ಹುಟ್ಟಿದ್ದು 1987ರ ಮಳೆಗಾಲದಲ್ಲಿ. ಎರಡು ತಿಂಗಳಾಗಿತ್ತು. ಒಲೆ ಮೇಲೆ ಹಾಲಿಟ್ಟು ಎದುರಿಗೇ ಕೂತಿದ್ದೆ. ಹಾಲು ಉಕ್ಕಿತು, ಕಟ್ಟೆಯಿಂದ ಇಳಿದು ನೆಲಕ್ಕೆ ಬಂತು, ನನ್ನ ಕಾಲ ಬೆರಳಿಗೆ ಬಿಸಿ ತಾಗಿತು. ತೊಟ್ಟಿಲಲ್ಲಿ ಮಗು ಕಿರುಚುತ್ತಿತ್ತು. ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಏಳಬೇಕು ಅಂತ ಮಾತ್ರ ಅನ್ನಿಸಲಿಲ್ಲ. ಅತ್ತೆ ಬಂದು "ಇದೇನು ಸೊಕ್ಕು" ಅಂದರು. ಆಮೇಲೆ ದೃಷ್ಟಿ ಅಂತ ಮೆಣಸಿನಕಾಯಿ ನಿವಾಳಿಸಿದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ, ಪಾಪ.

ಅದೇ 1987ರಲ್ಲಿ ಸ್ಕಾಟ್ಲೆಂಡಿನ ವೈದ್ಯರು ಇಂಥ ಬಾಣಂತಿಯರನ್ನು ಗುರುತಿಸೋಕೆ ಹತ್ತು ಪ್ರಶ್ನೆಗಳ ಪಟ್ಟಿ ಮಾಡಿದರಂತೆ. ಎಡಿನ್‌ಬರೋ ಪಟ್ಟಿ ಅಂತ ಹೆಸರು. ಈಗ ಕನ್ನಡದಲ್ಲೂ ಇದೆ. ನಗು ಬರುತ್ತದಾ, ಕಾರಣವಿಲ್ಲದೆ ಹೆದರಿಕೆಯಾಗುತ್ತದಾ, ನಿದ್ದೆ ಬರುತ್ತದಾ ಅಂತ ಕಳೆದ ಏಳು ದಿನದ್ದು ಕೇಳುತ್ತಾರೆ. ಐದು ನಿಮಿಷದ ಕೆಲಸ. ನನಗೆ ಯಾರೂ ಕೇಳಲಿಲ್ಲ.

ಹೆರಿಗೆಯಾಗಿ ಮೂರ್ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು ಬೇರೆ. ಅದು ಬಹಳ ಜನರಿಗೆ ಬರುತ್ತದೆ, ಎರಡು ವಾರದೊಳಗೆ ತಾನೇ ಹೋಗುತ್ತದೆ. ನಿನಗೆ ಆರು ವಾರ ಆಯ್ತು. ಇದನ್ನು ಬಾಣಂತಿ ಖಿನ್ನತೆ ಅನ್ನುತ್ತಾರೆ. ಬಸುರಿಯಲ್ಲಿ ಏರಿದ್ದ ಹಾರ್ಮೋನು ಹೆರಿಗೆಯಾದ ಕೂಡಲೇ ದಡಕ್ಕನೆ ಇಳಿಯುತ್ತದೆ. ಮೇಲೆ ನಿದ್ದೆಯಿಲ್ಲ, ಮೈಯಲ್ಲಿ ರಕ್ತ ಕಡಿಮೆ. ಮಗುವಿನ ಮೇಲೆ ಪ್ರೀತಿ ಇಲ್ಲ ಅಂತ ಇದರ ಅರ್ಥ ಅಲ್ಲವೇ ಅಲ್ಲ. ಪ್ರೀತಿ ಇಲ್ಲದವಳು ಅದನ್ನು ಹೇಳುತ್ತಾ ಅಷ್ಟು ಅಳುತ್ತಾಳಾ?

ಮೊದಲು ಡಾಕ್ಟರ ಹತ್ತಿರ ಹೋಗು. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು. ಹೆರಿಗೆಯ ನಂತರ ಥೈರಾಯ್ಡ್ ಕೆಟ್ಟರೂ ಹೀಗೇ ಸುಸ್ತು, ಬೇಜಾರು. ಮನೋವೈದ್ಯರಿಗೆ ತೋರಿಸಿ ಅಂದರೆ ಹಿಂಜರಿಯಬೇಡ. ಕೆಲವರಿಗೆ ಮಾತಿನ ಚಿಕಿತ್ಸೆಯೇ ಸಾಕಾಗುತ್ತದೆ. ಮಾತ್ರೆ ಬೇಕಾದರೂ, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದವು ಇವೆ. ಹಾಲು ಬಿಡಿಸಬೇಕಾಗುತ್ತೆ ಅಂತ ಪಕ್ಕದ ಮನೆಯವರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಬೇಡ. ಬಾಣಂತಿ ಕಿವಿಗೆ ಹತ್ತಿ ಇಡೋದು ಇಂಥದ್ದಕ್ಕೇ ಇರಬೇಕು!

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸಾಯಬೇಕು ಅನ್ನಿಸಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೇನೋ ಅನ್ನಿಸಿದರೆ, ಇಲ್ಲದ ದನಿ ಕೇಳಿಸಿದರೆ ಒಂದು ಗಂಟೆಯೂ ಕಾಯಬೇಡ. ಆ ಕ್ಷಣವೇ ನಿನ್ನಮ್ಮನನ್ನು ಎಬ್ಬಿಸು, ಆಸ್ಪತ್ರೆಗೆ ಹೊರಡಿ. ಹಳಬರು ಬಾಣಂತಿ ಸನ್ನಿ ಅಂತಿದ್ದರಲ್ಲ, ಅದು ಅಪರೂಪ, ಆದರೆ ತುರ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಜೊತೆಗೇ ಇಟ್ಟುಕೊಂಡು ನೋಡುವ ವಾರ್ಡೇ ಇದೆ. ಬರೀ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ, ನಡುರಾತ್ರಿಯಾದರೂ ಸರಿ.

ನಮ್ಮ ಬಾಣಂತನದಲ್ಲಿ ಒಳ್ಳೆಯದೂ ಇದೆ. ಎಣ್ಣೆನೀರು, ಮೆಣಸಿನ ಸಾರು, ಕೈಗೆ ಬರುವ ಊಟ, ಎಲ್ಲ ಸರಿ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸುವುದು ನನಗೆ ಆಗಲೂ ಹಿಡಿಸಲಿಲ್ಲ. ಸಂಜೆ ಹೊತ್ತು ಜಗುಲಿಗೆ ಬಂದು ಕೂರು. ಅಳಿಯಂದಿರು ಶನಿವಾರ ಬಂದಾಗ ನನಗೆ ಹೇಳಿದ್ದನ್ನೇ ಅವರಿಗೂ ಹೇಳು. ಬಾಯಲ್ಲಿ ಬರದಿದ್ದರೆ ಈ ಕಾಗದ ಕೊಡು.

ನನ್ನದು ತಾನಾಗೇ ಹೋಯಿತು, ಸುಮಾರು ಒಂದು ವರ್ಷ ಹಿಡಿಯಿತು. ನಿನ್ನಣ್ಣ ಮೊದಲ ಸಲ ಹೊಸ್ತಿಲು ದಾಟಿದಾಗ ಮನೆಯಲ್ಲಿ ಸಿಹಿ ಮಾಡಿದ್ದರಂತೆ. ನಾನು ಅಲ್ಲೇ ಇದ್ದೆನಂತೆ. ನನಗೆ ಒಂದು ಚೂರೂ ನೆನಪಿಲ್ಲ.

ಗುರುವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಹದಿನೈದು ದಿನ ಇರುತ್ತೇನೆ. ರಾತ್ರಿ ಹಾಲೂಡಿಸಿ ಮಗುವನ್ನು ನನ್ನ ಪಕ್ಕ ಮಲಗಿಸು. ತೇಗಿಸೋದು, ಬಟ್ಟೆ ಬದಲಾಯಿಸೋದು, ತೂಗೋದು ನನ್ನ ಪಾಲಿಗೆ. ನಾನು ಬರುವ ಹೊತ್ತಿಗೆ ಬೆಳಗಿನ ಜಾವ ಆಗಿರುತ್ತದೆ. ಬಾಗಿಲು ತೆಗೆಯೋಕೆ ನೀನು ಏಳಬೇಡ, ನಿನ್ನಮ್ಮನಿಗೆ ಹೇಳಿದ್ದೇನೆ.

ನಿನ್ನ
ದೊಡ್ಡಮ್ಮ