ನಗ್ತಾರೆ ಅಂದೆಯಲ್ಲ

ಮೈಸೂರು, ಭಾನುವಾರ

ಪುಟ್ಟಿ,

ನಿನ್ನ ಕಾಗದ ಬಂತು. ಮನೆಯ ಸಮಾಚಾರವೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬೇಡ. ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ. 'ತಮಟೆ ಏಟು ಬರುವ ಕಡೆ ಎಲ್ಲರೂ ನಗ್ತಾರೆ ದೊಡ್ಡಪ್ಪ.' ಅದನ್ನು ಓದಿದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನೀನು ಬರೆದಿರುವುದು ಕ್ವಾರ್ಟೆಟ್, ಅಂದರೆ ನಾಲ್ಕು ವಾದ್ಯದ ಕೃತಿ. ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ. ಮೋಹನ ರಾಗ. ನಡುವೆ ನಮ್ಮ ಜಾತ್ರೆಯ ತಮಟೆ. ಇದರಲ್ಲಿ ನಗುವಂಥದ್ದು ಏನಿದೆ ಅಂತ ಬರೆಯಲು ಕೂತೆ. ಆದರೆ ನಗುತ್ತಾರೆ. ನಗಲ್ಲ ಅಂತ ನಿನಗೆ ಸುಳ್ಳು ಹೇಳಲು ಮನಸ್ಸಿಲ್ಲ.

1806ರಲ್ಲಿ ಬೆಥೋವನ್ ರಷ್ಯದ ರಾಯಭಾರಿ ರಜುಮೋವ್‌ಸ್ಕಿಗೆ ಅಂತ ಮೂರು ಕ್ವಾರ್ಟೆಟ್ ಬರೆದ. ಮೊದಲನೆಯದರ ಕೊನೆಗೆ ರಷ್ಯದ ಒಂದು ಜನಪದ ಹಾಡನ್ನೇ ಎತ್ತಿಕೊಂಡಿದ್ದ. ಅದನ್ನು ಮೊದಲು ನುಡಿಸಿದ ನಾಲ್ವರೂ ಇದೇನೋ ತಮಾಷೆ ಅಂದುಕೊಂಡು ನಕ್ಕರಂತೆ. ಆ ಹಾಡಿಗೇ ನಕ್ಕರು ಅಂತ ನಾನು ಹೇಳುತ್ತಿಲ್ಲ. 'ಅವನು ಬೆಥೋವನ್, ನಾನು ಯಾರು' ಅಂತ ನೀನು ಅನ್ನುವುದೂ ಗೊತ್ತು. ಸುಮ್ನೆ ನೆನಪಾಯಿತು.

ನನಗೆ ಆಗ 22 ವರ್ಷ. ಬೆಳಿಗ್ಗೆ ಗುರುಗಳ ಮನೆಯಲ್ಲಿ ಶಾಸ್ತ್ರೀಯ ಸಂಗೀತದ ವರ್ಣ, ರಾತ್ರಿ ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡಿನ ಆರ್ಕೆಸ್ಟ್ರಾ. ಒಂದು ದಿನ ಗುರುಗಳ ಮುಂದೆ ಆಲಾಪನೆ ಮಾಡುವಾಗ ಬೆರಳು ಜಾರಿ ಹಿಂದಿನ ರಾತ್ರಿಯ ಹಾಡಿನ ತಿರುವೊಂದು ಬಂದುಬಿಟ್ಟಿತು. ಅವರು ಬೈಯಲಿಲ್ಲ. ನಕ್ಕರು. ಪಕ್ಕದಲ್ಲಿದ್ದ ಮೃದಂಗದವರೂ ನಕ್ಕರು. ಬೈದಿದ್ದರೆ ವಾದವಾದರೂ ಮಾಡುತ್ತಿದ್ದೆನೇನೋ. ಎರಡನ್ನೂ ಸೇರಿಸಿ ಅರ್ಧ ಬರೆದಿದ್ದ ಒಂದು ನೋಟ್‌ಬುಕ್ಕಿತ್ತು. ಅದರ ಉಳಿದ ಹಾಳೆಗಳಲ್ಲಿ ನಿನ್ನ ದೊಡ್ಡಮ್ಮ ಹಾಲಿನ ಲೆಕ್ಕ ಬರೆದಳು. ಅವಳ ತಪ್ಪಲ್ಲ, ನಾನೇ ಕೊಟ್ಟಿದ್ದು.

ನಿನ್ನ ಕೃತಿಯ ಷಡ್ಜವನ್ನು, ಅಂದರೆ ಸ ಸ್ವರವನ್ನು, ಡಿ ಶ್ರುತಿಗೆ ಇಟ್ಟುಕೊಂಡರೆ ಹೇಗೆ? ನಾಲ್ಕೂ ವಾದ್ಯಗಳಲ್ಲಿ ಡಿ, ಎ ತಂತಿಗಳಿವೆ. ಸ-ಪ ತಾನಾಗಿ ಮೊಳಗುತ್ತದೆ. ಗಮಕವನ್ನು ಒಬ್ಬರಿಗೆ ಮಾತ್ರ ಕೊಡು. ನಾಲ್ವರೂ ಸ್ವರ ಅಲ್ಲಾಡಿಸಿದರೆ ಕಲಸುಮೇಲೋಗರ. ಇದೆಲ್ಲ ನಿನಗೆ ಗೊತ್ತಿರುತ್ತದೆ, ಬಿಡು.

ಮತ್ತೆ ಆ ನಗುವೇ ತಲೆಯಲ್ಲಿ ಸುತ್ತುತ್ತಿದೆ. ನಮ್ಮ ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರು ಬೆಥೋವನ್‌ಗಿಂತ ಐದೇ ವರ್ಷ ಚಿಕ್ಕವರು. ಮದರಾಸಿನ ಕೋಟೆಯಲ್ಲಿ ಇಂಗ್ಲಿಷರ ಬ್ಯಾಂಡು ನುಡಿಸುತ್ತಿದ್ದ ಧಾಟಿಗಳಿಗೆ ಸಂಸ್ಕೃತದ ಸಾಹಿತ್ಯ ಕೂರಿಸಿದರು, ಅವೇ ನೊಟ್ಟುಸ್ವರ. 'ಸಂತತಂ ಪಾಹಿಮಾಂ' ಹೇಳಿಕೊಟ್ಟು, ಇದು ಬ್ರಿಟಿಷ್ ರಾಜಗೀತೆಯ ಧಾಟಿ ಅಂದರೆ ನನ್ನ ಪಾಠದ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಖುಷಿಗೆ. ಆಮೇಲೆ ಇನ್ನೊಂದು ಸಲ ಹಾಡೋಣ ಅನ್ನುತ್ತಾರೆ. ನಮ್ಮ ಗುರುಗಳು ನಕ್ಕಿದ್ದು ಯಾವ ನಗು? ನಾನು ಕೇಳಲೇ ಇಲ್ಲ. ಈಗ ಅವರಿಲ್ಲ.

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಪಾಠಕ್ಕೆ ಬರುತ್ತಿದ್ದ ಒಬ್ಬ ಹುಡುಗ ಶಂಕರಾಭರಣ ರಾಗಕ್ಕೆ ಗಿಟಾರಿನ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳನ್ನು, ಹಾಕಿ ತಂದು ತೋರಿಸಿದ. ನಾನು ನಕ್ಕೆ. ಚೆನ್ನಾಗಿತ್ತು ಅಂತಲೇ ನಕ್ಕೆ ಅನ್ನಿಸುತ್ತದೆ, ಆದರೆ ಬಾಯಿಬಿಟ್ಟು ಹೇಳಲಿಲ್ಲ. ಅವನು ಮುಂದಿನ ವಾರ ಬರಲಿಲ್ಲ.

ನಿನ್ನ ಹಾಳೆಯಲ್ಲಿ ತಮಟೆಯ ಏಟನ್ನು ಚೆಲ್ಲೊದವರು ಬೆರಳಿನಲ್ಲಿ ಮೆತ್ತಗೆ ಮೀಟುವ ಹಾಗೆ ಬರೆದಿದ್ದೀಯ. ಹೆದರಿಕೊಂಡು ಬರೆದದ್ದು ಅಂತ ಕಾಣುತ್ತದೆ. ಕಮಾನಿನ ಬುಡದಿಂದ ಒತ್ತಿ ಹೊಡೆಯಲಿ. ತಮಟೆ ಮೆತ್ತಗಾದರೇ ನಗು ಬರುವುದು ಜಾಸ್ತಿ, ಅಲ್ವಾ? ನನಗೆ ಹಾಗನ್ನಿಸುತ್ತದೆ, ತಪ್ಪಿದ್ದರೆ ಬೈಬೇಡ.

ಅದೊಂದು ಜಾಗವನ್ನು ಎರಡು ರೀತಿಯಲ್ಲೂ ನುಡಿಸಿ, ರೆಕಾರ್ಡ್ ಮಾಡಿ ಕಳಿಸು. ಒಬ್ಬನೇ ಕೂತು ಕೇಳುತ್ತೇನೆ. ನಗು ಬಂದರೆ ಯಾವ ನಗು ಅಂತ ಅವತ್ತೇ ಬರೆಯುತ್ತೇನೆ.

ನಿನ್ನ ದೊಡ್ಡಪ್ಪ