ರಾಜೀನಾಮೆ ಕೊಡುವ ಮುಂಚೆ

ಚಿ. ಸುಧೀರನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಹೊರಗಿನಿಂದ ಬಂದವನ ಮಾತು ಆ ಫ್ಯಾಕ್ಟರಿಯಲ್ಲಿ ಯಾರೂ ಕೇಳುವುದಿಲ್ಲ, ಬಿಟ್ಟು ಬರ್ತೀನಿ ಅಂತ ಬರೆದಿದ್ದೀಯ. ಬೇಜಾರಾಗುವುದು ಸಹಜವೇ. ಆದರೆ ರುಮೇನಿಯಾದ ದೊರೆ ಮೊದಲನೇ ಕರೋಲ್‌ನ ಕಥೆ ಸ್ವಲ್ಪ ಕೇಳು.

ಅವನು ಹುಟ್ಟಿದ್ದು 1839ರಲ್ಲಿ, ಜರ್ಮನಿಯ ಸಿಗ್ಮರಿಂಗನ್‌ನಲ್ಲಿ. 1866ರಲ್ಲಿ ರುಮೇನಿಯಾದವರು ತಮ್ಮವನೇ ಆದ ದೊರೆ ಕುಜಾನನ್ನು ಪಟ್ಟದಿಂದ ಇಳಿಸಿ ಇವನನ್ನು ಕರೆದರು. ಅಲ್ಲಿನ ದೊಡ್ಡ ಮನೆತನಗಳ ಜಗಳದಲ್ಲಿ ಯಾರ ಕಡೆಗೂ ಸೇರದವನು ಬೇಕಿತ್ತು. ದಾರಿಯಲ್ಲಿ ಆಸ್ಟ್ರಿಯಾ, ಅದೋ ಇವನ ಊರು ಸೇರಿದ್ದ ಜರ್ಮನ್ ರಾಜ್ಯ ಪ್ರಷ್ಯಾದ ಮೇಲೆ ಯುದ್ಧಕ್ಕೆ ನಿಂತಿತ್ತು. 27 ವರ್ಷದ ಹುಡುಗ ಸುಳ್ಳು ಹೆಸರಿಟ್ಟುಕೊಂಡು, ರೈಲಿನ ಎರಡನೇ ದರ್ಜೆಯಲ್ಲಿ ಕೂತು ಅದನ್ನು ದಾಟಿದ.

ಐದೇ ವರ್ಷಕ್ಕೆ ಸಾಕಾಯಿತು. ರೈಲು ಹಾದಿಯ ಗುತ್ತಿಗೆ ಹಿಡಿದಿದ್ದ ಸ್ಟ್ರೌಸ್‌ಬರ್ಗ್ ಎಂಬ ಜರ್ಮನ್ ದಿವಾಳಿಯತ್ತ ಜಾರಿದ. ಜನರ ಸಿಟ್ಟು ದೊರೆಯ ಮೇಲೆ ತಿರುಗಿತು. 1871ರ ಮಾರ್ಚ್‌ನಲ್ಲಿ ರಾಜಧಾನಿ ಬುಕಾರೆಸ್ಟ್‌ನ ಜನ ಜರ್ಮನ್ನರ ಔತಣಕೂಟದ ಮೇಲೇ ದಾಳಿ ಮಾಡಿದರು. ಕರೋಲ್ ಪಟ್ಟ ಬಿಡಲು ಹೊರಟ. ಲಸ್ಕರ್ ಕತರ್ಜಿಯು ಎಂಬ ಹಿರಿಯ ತಡೆದು, ತಾನೇ ಮಂತ್ರಿಮಂಡಲ ಕಟ್ಟಿ ನಿಂತ. ಅಂಥ ಒಬ್ಬ ನಿನ್ನ ಜಾಗದಲ್ಲೂ ಇದ್ದೇ ಇರುತ್ತಾನೆ, ಹುಡುಕು. ಅಂದು ಕರೋಲ್ ಹೊರಟುಹೋಗಿದ್ದರೆ 1877ರ ಪ್ಲೆವ್ನಾ ಯುದ್ಧದಲ್ಲಿ ಸೈನ್ಯ ನಡೆಸುತ್ತಿರಲಿಲ್ಲ, 1881ರಲ್ಲಿ ಬರೀ ದೊರೆಯಿಂದ ಕಿರೀಟಧಾರಿ ರಾಜನೂ ಆಗುತ್ತಿರಲಿಲ್ಲ. ಅವನ ಕಿರೀಟ ಚಿನ್ನದ್ದಲ್ಲ, ಪ್ಲೆವ್ನಾದಲ್ಲಿ ತುರ್ಕರಿಂದ ಕಿತ್ತುಕೊಂಡ ಫಿರಂಗಿಯ ಉಕ್ಕಿನದು. ಇದು ನನಗೆ ತುಂಬ ಇಷ್ಟವಾದ ಸಂಗತಿ.

ಹಾಗಂತ ಅವನು ಮಾಡಿದ್ದೆಲ್ಲ ಸರಿ ಅಂದುಕೊಳ್ಳಬೇಡ. ಸೈನ್ಯ, ರೈಲು, ಡ್ಯಾನ್ಯೂಬ್ ನದಿಯ ಮೇಲಿನ ಸೇತುವೆ ಎಲ್ಲ ಅವನ ಕಾಲದಲ್ಲಿ ಬಂತು. ಹೊಲದಲ್ಲಿ ದುಡಿಯುವವರ ಪಾಡು ಮಾತ್ರ ಹಾಗೇ ಉಳಿಯಿತು. ಜಮೀನು ದೊಡ್ಡವರ ಕೈಲಿ, ಗೇಣಿ ಜಾಸ್ತಿ. 1907ರಲ್ಲಿ ರೈತರು ದಂಗೆ ಎದ್ದಾಗ ಸೈನ್ಯ ಗುಂಡು ಹಾರಿಸಿತು. ನಲವತ್ತು ವರ್ಷ ಆಳಿದ ಮೇಲೂ ಹೀಗಾಗಬಹುದಾ? ಇದನ್ನು ನಾನು ಕ್ಷಮಿಸಲಾರೆ. ನೀನು ಮೇಲ್ವಿಚಾರಕರ ಮಾತನ್ನಷ್ಟೇ ಕೇಳುತ್ತಾ ಕೂರಬೇಡ. ಮೆಷಿನ್ ಹತ್ತಿರ ನಿಲ್ಲುವವರ ಜೊತೆ ಕೂತು ಊಟ ಮಾಡು.

ಇನ್ನೊಂದು ಮಾತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನಿಯ ಪಕ್ಷ ಸೇರೋಣ ಅಂತ ಕರೋಲ್‌ನ ಆಸೆ. ಹುಟ್ಟೂರಿನ ಸೆಳೆತವಿತ್ತು, ಗುಟ್ಟಾಗಿ ಮಾಡಿಕೊಂಡ ಒಪ್ಪಂದವೂ ಇತ್ತು. ಸಿನಾಯಾ ಎಂಬ ಊರಲ್ಲಿ ಮಂತ್ರಿಗಳ, ಮುಖಂಡರ ಸಭೆ ಕರೆದ. ಹೆಚ್ಚುಕಡಿಮೆ ಎಲ್ಲರೂ ಬೇಡ ಅಂದರು. ಮನಸ್ಸಿಲ್ಲದಿದ್ದರೂ ಒಪ್ಪಿಕೊಂಡ. ಆ ಅಕ್ಟೋಬರಿನಲ್ಲಿ ತೀರಿಕೊಂಡ.

ನಿನಗೂ ಸೋಲುವ ಸಭೆಗಳು ಬರುತ್ತವೆ. ಆಗ ಸಿಟ್ಟು ಮಾಡಿಕೊಳ್ಳಬೇಡ. ದೀಪಾವಳಿಗೆ ಬಾ, ಎದುರು ಕೂತು ಮಾತಾಡೋಣ. ಅಲ್ಲಿಯವರೆಗೆ ರಾಜೀನಾಮೆ ಕೊಡಬೇಡ.

ಇಂತಿ,
ನಿನ್ನ ದೊಡ್ಡಪ್ಪ