ಕಥೆಯನ್ನೇ ಓದದ ಕಥಾ ತರಬೇತಿ

ಮಾನ್ಯ ಸಂಪಾದಕರೇ,

‘ಕಥಾ ವಿಶ್ಲೇಷಣೆ: ಶಿಕ್ಷಕರ ತರಬೇತಿ ಯಶಸ್ವಿ’ ಎಂಬ ವರದಿಯನ್ನು ಶುಕ್ರವಾರದ ನಿಮ್ಮ ಜಿಲ್ಲಾ ಪುಟದಲ್ಲಿ ಓದಿದೆ. ಆ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಆರು ಮತ್ತು ಏಳನೆಯ ತರಗತಿಗಳಿಗೆ ಕನ್ನಡ ಕಲಿಸುವ ಶಿಕ್ಷಕಿ ನಾನು. ಅಲ್ಲಿ ಯಶಸ್ವಿಯಾದದ್ದು ಏನೆಂದು ವರದಿಗಾರರನ್ನಲ್ಲ, ಅವರಿಗೆ ಪತ್ರಿಕಾ ಪ್ರಕಟಣೆ ಕಳುಹಿಸಿದವರನ್ನು ಕೇಳಬೇಕಾಗಿದೆ.

ತರಬೇತಿ ಹುಬ್ಬಳ್ಳಿಯಲ್ಲಿ ಎಂದು ಆದೇಶವಿತ್ತು. ಕುಂದಗೋಳದಲ್ಲಿ ಬಸ್ಸು ಹತ್ತಿ ಕುಳಿತ ಮೇಲೆ, ಸ್ಥಳ ಧಾರವಾಡಕ್ಕೆ ಬದಲಾಗಿದೆ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ಹುಬ್ಬಳ್ಳಿಯ ಹೊಸೂರಿನಲ್ಲಿ ಚಿಗರಿ ಬಸ್ಸು ಹಿಡಿದು, ಧಾರವಾಡದ ಜ್ಯುಬಿಲಿ ಸರ್ಕಲ್‌ನಲ್ಲಿ ಇಳಿದು, ಮಳೆಯಲ್ಲಿ ಆಟೊದವರ ಜೊತೆ ಚೌಕಾಶಿ ಮಾಡಿ ತೋಯಿಸಿಕೊಂಡು ಹೋದರೆ, ತಡವಾಗಿ ಬಂದವರ ಹೆಸರು ಬರೆದುಕೊಳ್ಳಲೆಂದೇ ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿದ್ದರು. ಇಲಾಖೆಯ ಸಮಯಪಾಲನೆ ಮೆಚ್ಚತಕ್ಕದ್ದೇ. ಉದ್ಘಾಟಕರು ಮಾತ್ರ ಚಹಾದ ವೇಳೆಗೆ ದಯಮಾಡಿಸಿದರು. ಅವರ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ.

ಸ್ವಾಗತ, ಪ್ರಾಸ್ತಾವಿಕ, ಮಾಲಾರ್ಪಣೆಗಳು ಮುಗಿದ ಮೇಲೆ ಸಂಪನ್ಮೂಲ ವ್ಯಕ್ತಿಗಳು ಕಥಾವಸ್ತು, ಪಾತ್ರ, ಸನ್ನಿವೇಶ, ಸಂಘರ್ಷ, ನಿರೂಪಣೆ ಎಂಬ ಐದು ಪದಗಳ ವ್ಯಾಖ್ಯೆಗಳನ್ನು ಪರದೆಯ ಮೇಲಿಂದ ನೋಡಿಕೊಂಡು ಓದಿದರು. ಮಾದರಿ ಪಾಠಕ್ಕೆ ಆರಿಸಿಕೊಂಡದ್ದು ನಮ್ಮೆಲ್ಲರಿಗೂ ಗೊತ್ತಿರುವ ಕಾಗಕ್ಕ ಗುಬ್ಬಕ್ಕನ ಕಥೆ. ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಥೆಗಿಂತ ಮೊದಲು, ಮೊದಲ ಸ್ಲೈಡಿನಲ್ಲಿಯೇ ‘ನೀತಿ: ಸ್ವಾರ್ಥಿಗೆ ತಕ್ಕ ಶಾಸ್ತಿ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ತೀರ್ಪು ಮೊದಲೇ ಬಂದ ಮೇಲೆ ವಿಚಾರಣೆ ನಡೆಸುವವರು ಯಾರು? ಒಂದು ಮೇಜಿಗೆ ಒಂದೇ ಜೆರಾಕ್ಸ್ ಪ್ರತಿ ಕೊಟ್ಟಿದ್ದರಿಂದ ಕಥೆಯನ್ನು ಕೊನೆಯವರೆಗೆ ಯಾರೂ ಓದಲಿಲ್ಲ. ಓದಬೇಕೆಂದು ಯಾರೂ ಹೇಳಲೂ ಇಲ್ಲ.

ಇದೇ ಕಥೆಯನ್ನು ನಾನು ಏಳನೆಯ ತರಗತಿಯಲ್ಲಿ ಓದಿಸಿದ್ದೇನೆ. ‘ಮಳ್ಯಾಗ ನಿಂತಾಕಿನ್ನ ಅಷ್ಟೊತ್ತು ಹೊರಗ ನಿಲ್ಲಿಸಿದ್ದು ಗುಬ್ಬಕ್ಕಂದ ತಪ್ಪಲ್ಲೇನ್ರಿ, ಅಕ್ಕೋರ?’ ಎಂದು ಒಬ್ಬ ಹುಡುಗ ಕೇಳಿದ. ಮನೆಯೊಳಗೆ ಸಣ್ಣ ಕೂಸಿದೆ, ಬಾಗಿಲು ತೆಗೆಯಲು ಅಂಜಿರಬೇಕು ಎಂದು ಹಿಂದಿನಿಂದ ಒಬ್ಬ ಹುಡುಗಿ ಅಂದಳು. ಹಾಗೆಂದು ಕಥೆಯಲ್ಲಿ ಎಲ್ಲಿ ಹೇಳಿದೆ, ತೋರಿಸಿರಿ ಎಂದೆ. ಕಾಗಕ್ಕ ಬಾಗಿಲು ಬಡಿದಾಗಲೆಲ್ಲ ಗುಬ್ಬಕ್ಕ ಕೊಡುವ ಕಾರಣಗಳನ್ನು, ಅಂದರೆ ಕೂಸಿಗೆ ಎರೆಯುವುದು, ಉಣಿಸುವುದು, ತೊಟ್ಟಿಲು ತೂಗುವುದು ಇತ್ಯಾದಿಗಳನ್ನು, ಮಕ್ಕಳು ಸಾಲು ಹಿಡಿದು ಹುಡುಕಿದರು. ಅವು ನಿಜವಾದ ಕಾರಣಗಳೇ, ನೆಪಗಳೇ ಎಂಬ ಜಗಳ ಹತ್ತಿತು. ಕಾಗಕ್ಕನೇ ಈ ಕಥೆ ಹೇಳಿದ್ದರೆ ಹೇಗಿರುತ್ತಿತ್ತು ಎಂದು ಬರೆಯಲು ಹೇಳಿದಾಗ, ಸದಾ ಖಾಲಿ ಹಾಳೆ ಕೊಡುವವರೂ ಬರೆದರು. ಸಾರಾಂಶಕ್ಕೂ ವಿಶ್ಲೇಷಣೆಗೂ ಇರುವ ವ್ಯತ್ಯಾಸ ಇಷ್ಟೇ: ತನಗೆ ಅನ್ನಿಸಿದ್ದನ್ನು ಮಗು ಹೇಳಬೇಕು, ಅದಕ್ಕೆ ಕಥೆಯೊಳಗಿನ ಮಾತನ್ನು ಆಧಾರವಾಗಿ ತೋರಿಸಬೇಕು. ಇದನ್ನು ಸಭೆಯಲ್ಲಿ ಹೇಳಿದ್ದಕ್ಕೆ, ‘ಮಕ್ಕಳನ್ನು ದಾರಿ ತಪ್ಪಿಸಬೇಡಿ, ಉತ್ತರಸೂಚಿಯಲ್ಲಿ ಇದ್ದದ್ದನ್ನು ಬರೆಸಿ’ ಎಂಬ ಅಪ್ಪಣೆ ಸಿಕ್ಕಿತು.

ಉತ್ತರಸೂಚಿಯದೇ ದೊಡ್ಡ ಕಥೆ. ಕಲಿಕೆ ಕಂಠಪಾಠದಿಂದ ಬಿಡುಗಡೆಯಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದರೂ, ಪ್ರಶ್ನೆಪತ್ರಿಕೆ ಇಂದಿಗೂ ‘ಈ ಮಾತನ್ನು ಯಾರು ಯಾರಿಗೆ ಹೇಳಿದರು?’ ಎಂಬಲ್ಲಿಯೇ ನಿಂತಿದೆ. ಅದರ ಮುಂದೆ ‘ಏಕೆ ಹೇಳಿದರು?’ ಎಂದು ಸೇರಿಸಿದ್ದರೆ ಅದೇ ಒಳ್ಳೆಯ ಪ್ರಶ್ನೆಯಾಗುತ್ತಿತ್ತು. ಆದರೆ ಹಾಗೆ ಕೇಳಿದರೆ ಉತ್ತರಗಳನ್ನು ಓದಬೇಕಾಗುತ್ತದೆ.

1933ರಿಂದ ಮನೋಹರ ಗ್ರಂಥಮಾಲೆ ಪುಸ್ತಕ ಹೊರತರುತ್ತಿರುವ ಊರು ಧಾರವಾಡ. ಕೀರ್ತಿನಾಥ ಕುರ್ತಕೋಟಿ, ಗಿರಡ್ಡಿ ಗೋವಿಂದರಾಜರಂಥ ವಿಮರ್ಶಕರು ಗದಗ ಸೀಮೆಯವರು. ಇಂಥ ನೆಲದಲ್ಲಿ ಕಥೆಯ ಬಗ್ಗೆ ಮಾತನಾಡಲು ಒಬ್ಬ ಕಥೆಗಾರನೋ ಒಬ್ಬ ವಿಮರ್ಶಕಿಯೋ ಸಿಗಲಿಲ್ಲವೆಂದರೆ ಹುಡುಕಲಿಲ್ಲ ಎಂದೇ ಅರ್ಥ.

ಹೇಳಲು ಹೋದರೆ ಇನ್ನೂ ಇದೆ. ಶಾಲೆಯ ಕಥಾಪುಸ್ತಕಗಳು ಕಪಾಟಿನಲ್ಲಿ ಬೀಗ ಹಾಕಿಕೊಂಡು ಕುಳಿತಿವೆ, ಏಕೆಂದರೆ ಒಂದು ಕಳೆದರೂ ದಾಸ್ತಾನು ವಹಿಯ ಲೆಕ್ಕ ಶಿಕ್ಷಕರ ತಲೆಗೆ ಬರುತ್ತದೆ. 2025ರ ದಸರಾ ರಜೆಯಲ್ಲಿ ಮನೆ ಮನೆ ಸಮೀಕ್ಷೆಗೆ ಅಲೆದವರು ನಾವೇ, ಮತದಾರರ ಪಟ್ಟಿ ತಿದ್ದುವವರು ನಾವೇ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ ಬರೆಯುವವರೂ ನಾವೇ. ಇಷ್ಟರ ನಡುವೆ ಉಳಿದ ನಲವತ್ತು ನಿಮಿಷದ ಅವಧಿಯಲ್ಲಿ ಪಾಠದ ಫೋಟೊ ತೆಗೆದು ಗುಂಪಿಗೆ ಹಾಕದಿದ್ದರೆ ಪಾಠವೇ ಆಗಿಲ್ಲವೆಂದು ನೋಟಿಸು ಬರುತ್ತದೆ.

ಆದ್ದರಿಂದ ಇಂಥ ತರಬೇತಿಗಳನ್ನು ಕೂಡಲೇ ನಿಲ್ಲಿಸಬೇಕು, ಅಥವಾ ವರ್ಷವಿಡೀ ಸರಿಯಾಗಿ ನಡೆಸಬೇಕು. ಕಥೆ ಓದುವ ಅಭ್ಯಾಸವಿರುವವರನ್ನೇ ಕರೆಸಬೇಕು. ಅದಾಗದಿದ್ದರೆ ನಮ್ಮನ್ನಾದರೂ ಶಾಲೆಯಲ್ಲಿ ಬಿಡಬೇಕು. ಮೇಲಿನವರಿಗೆ ಸ್ವಲ್ಪವಾದರೂ ಜವಾಬ್ದಾರಿ ಬೇಡವೇ? ಇದೊಂದೂ ಸಾಧ್ಯವಿಲ್ಲದಿದ್ದರೆ ಪ್ರಮಾಣಪತ್ರದಲ್ಲಿ ತಪ್ಪಾಗಿ ಅಚ್ಚಾಗಿರುವ ನನ್ನ ಹೆಸರನ್ನಾದರೂ ತಿದ್ದಿಕೊಡಲಿ. ಅದಕ್ಕೆ ಮುಖ್ಯಾಧ್ಯಾಪಕರ ಮುಖಾಂತರ ಮೂರು ಪ್ರತಿಗಳಲ್ಲಿ ಅರ್ಜಿ ಬೇಕಂತೆ.

ಹಿರಿಯ ಪ್ರಾಥಮಿಕ ಶಾಲೆಯ ಕನ್ನಡ ಶಿಕ್ಷಕಿ, ಕುಂದಗೋಳ ತಾಲ್ಲೂಕು
(ಹೆಸರು ಪ್ರಕಟಿಸಬಾರದಾಗಿ ವಿನಂತಿ)